ಎರಡು ಸಾವಿರದ ಮುನ್ನೂರ ಹದಿನಾರು ಕೈಗಾಡಿಗಳು

ಎಣಿಸುವ ಕೆಲಸಕ್ಕೆ ಮೆಣಸಿಯನ್ನು ಕೂರಿಸಿದ್ದು ಯಾರಿಗೋ ಅವಳ ಮೇಲೆ ಪ್ರೀತಿ ಉಕ್ಕಿ ಬಂದು ಅಲ್ಲ. ಎಣಿಸಲು ಬರಬೇಕಿದ್ದ ಇಬ್ಬರು ಓದಿದ ಹುಡುಗಿಯರು ಜಾಗ ನೋಡಿದರು, ಬಿಸಿಲು ನೋಡಿದರು, ಹಿಂದಿನ ದಿನವೇ ಕೈಕೊಟ್ಟರು. ಮೇಸ್ತ್ರಿಗೆ ತಲೆ ಕೆಟ್ಟಿತು. ಅವನ ಕಣ್ಣಿಗೆ ಬಿದ್ದವಳು ಪೊರಕೆ ಹಿಡಿದು ನಿಂತಿದ್ದ ಮೆಣಸಿ.

"ಏಯ್, ಗೀಟು ಎಳೆಯೋಕೆ ಬರುತ್ತಾ ನಿಂಗೆ?"

"ಏಳನೇ ಕ್ಲಾಸು ಓದಿದೀನಿ. ನಿಮ್ಮ ಜಾತಕ ಬೇಕಾದ್ರೂ ಬರೀತೀನಿ."

"ಜಾತಕ ಬೇಡ. ಗೀಟು ಸಾಕು. ಒಂದು ಗಾಡಿಗೆ ಒಂದು ಗೀಟು. ನಾಲ್ಕು ನಿಂತ ಗೀಟು, ಐದನೇದು ಅಡ್ಡ. ಬೆಳಗ್ಗೆ ಆರಕ್ಕೆ ಕೂತ್ರೆ ಸಂಜೆ ಆರಕ್ಕೆ ಏಳೋದು. ಬಾಯಿ ಮುಚ್ಕೊಂಡು ಮಾಡ್ಬೇಕು."

ಬಾಯಿ ಮುಚ್ಚುವುದು ಮೆಣಸಿಯಿಂದ ಆಗುವ ಕೆಲಸವಲ್ಲ. ಆ ಹೆಸರು ಅವಳಿಗೆ ಬಂದದ್ದೇ ನಾಲಿಗೆಯಿಂದ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು, ಅದು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಹದಿನಾಲ್ಕು ವರ್ಷದಿಂದ ಅವಳು ಗುಡಿಸುತ್ತಿದ್ದದ್ದು ಗಂಟನ್ನು. ನಾಲ್ಕು ಹೆದ್ದಾರಿಗಳು ಬಂದು ಒಂದರ ಮೇಲೊಂದು ಹತ್ತಿ, ಸುತ್ತಿ, ಇಳಿದು ಹೋಗುವ ಆ ಜಾಗಕ್ಕೆ ಕಾಗದದಲ್ಲಿ ಇಂಟರ್‌ಚೇಂಜ್ ಎಂಬ ಹೆಸರು. ಕೆಳಗೆ ಬದುಕುವವರಿಗೆ ಅದು ಗಂಟು. ನಲವತ್ತು ವರ್ಷ ಹಳೆಯದು. ಕಂಬಗಳ ಸಿಮೆಂಟು ಉದುರಿ ಕಬ್ಬಿಣ ಕಾಣುತ್ತಿತ್ತು. ಸೇತುವೆಯ ತುಂಡು ತುಂಡು ಸೇರುವ ಕೀಲುಗಳಲ್ಲಿ ಮಣ್ಣು ಕಟ್ಟಿಕೊಳ್ಳುತ್ತಿತ್ತು. ಆ ಮಣ್ಣನ್ನು ಕಬ್ಬಿಣದ ಸರಳಿನಿಂದ ಕೆದಕಿ ತೆಗೆಯುವವಳು ಮೆಣಸಿ. ಮಂಡಿಯೂರಿ ಕೆದಕಬೇಕು. ಬೆನ್ನಿನ ಹಿಂದೆ ಒಂದು ಮೊಳ ದೂರದಲ್ಲಿ ಲಾರಿ ಹೋಗುತ್ತದೆ. ಲಾರಿಯ ಗಾಳಿಗೆ ಮೈ ಮುಂದಕ್ಕೆ ವಾಲುತ್ತದೆ. ಸಂಜೆ ಉಗುಳಿದರೆ ಎಂಜಲು ಕಪ್ಪು. ಅವಳ ಜೊತೆಗೆ ಕೆಲಸಕ್ಕೆ ಸೇರಿದ ಮೂವರಲ್ಲಿ ಇಬ್ಬರು ಈಗಿಲ್ಲ. ಒಬ್ಬಳು ಇದ್ದಾಳೆ, ಕಿವಿ ಕೇಳಿಸುವುದಿಲ್ಲ.

ಗಂಟಿನ ಒಂದು ಮಗ್ಗುಲಿಗೆ ಅವರ ಗುಡಿಸಲು ಸಾಲು. ಇನ್ನೊಂದು ಮಗ್ಗುಲಿಗೆ ಮಿಕ್ಕಿದ್ದೆಲ್ಲ. ಆಸ್ಪತ್ರೆ, ಶಾಲೆ, ಸಂತೆ, ಕೆಲಸ ಕೊಡುವವರು, ಕೆಲಸದಿಂದ ತೆಗೆಯುವವರು. ನಡುವೆ ಕಬ್ಬಿಣದ ಬೇಲಿ. ಯಾವ ಪುಣ್ಯಾತ್ಮನೋ ಎಂದೋ ಅದರ ಎರಡು ಸರಳು ಕೊಯ್ದು ಹೋಗಿದ್ದ. ಅದೇ ಕಿಂಡಿ. ಕಿಂಡಿಯಲ್ಲಿ ತೂರಿ, ಆರು ಸಾಲು ವಾಹನ ದಾಟಿದರೆ ಆಸ್ಪತ್ರೆಗೆ ಐದು ನಿಮಿಷ.

ಮೆಣಸಿಯ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಒಂದೇ ಕಾಲಲ್ಲಿ ನಿಂತು. ಇನ್ನೊಂದು ಕಾಲನ್ನು ನಾಲ್ಕು ವರ್ಷದ ಹಿಂದೆ ಇದೇ ಕಿಂಡಿಯ ಮುಂದೆ ಒಂದು ಕಾರು ತೆಗೆದುಕೊಂಡು ಹೋಗಿತ್ತು. ಕಾರು ನಿಲ್ಲಲಿಲ್ಲ. ಆಮೇಲೆ ಬಂದು ನಿಂತ ಪೊಲೀಸರು ಬರೆದುಕೊಂಡದ್ದು, 'ಮಹಿಳೆ ರಸ್ತೆಗೆ ಅಡ್ಡ ಬಂದದ್ದರಿಂದ ಅಪಘಾತ'. ಅಂದಿನಿಂದ ಅಕ್ಕ ಊರುಗೋಲು ಹಿಡಿದೇ ದಾಟುತ್ತಿದ್ದಳು. ದಾಟಿದರೆ ಅನ್ನ. ಇಲ್ಲದಿದ್ದರೆ ಇಲ್ಲ.

ಈಗ ಗಂಟಿಗೆ ಹೊಸ ಯೋಜನೆ ಬಂದಿತ್ತು. ದಾರಿ ಅಗಲ ಮಾಡುತ್ತಾರಂತೆ. ಸುತ್ತುಗಳನ್ನು ಸಡಿಲ ಮಾಡುತ್ತಾರಂತೆ. ಕಿಂಡಿ ಮುಚ್ಚಿ ಎರಡಾಳು ಎತ್ತರದ ಗೋಡೆ ಕಟ್ಟುತ್ತಾರಂತೆ. ನಡೆಯುವವರಿಗೆ ಎರಡು ಕಿಲೋಮೀಟರು ಆಚೆ ತೊಂಬತ್ತೆರಡು ಮೆಟ್ಟಿಲಿನ ಸೇತುವೆ.

ಅದನ್ನು ಕೇಳಿ ಅಕ್ಕ ನಕ್ಕಿದ್ದಳು. "ತೊಂಬತ್ತೆರಡು ಹತ್ತಿ ತೊಂಬತ್ತೆರಡು ಇಳೀಬೇಕಾ? ಅಷ್ಟು ಹೊತ್ತಿಗೆ ಆಸ್ಪತ್ರೇಲಿ ರೋಗಿ ಸತ್ತು, ಹಾಸಿಗೆ ಬಟ್ಟೆ ಬದಲಾಯ್ಸಿ, ಇನ್ನೊಬ್ಬ ಮಲಗಿರ್ತಾನೆ." ಆಮೇಲೆ ನಗು ನಿಲ್ಲಿಸಿದಳು. "ಗೋಡೆ ಎದ್ದ ದಿನ ನನ್ನ ಕೆಲಸ ಹೋಯ್ತು ಕಣೇ. ನಿನ್ನ ತಟ್ಟೇಲಿ ನನಗೂ ಹಾಕು."

ಆ ಗೋಡೆಗೇ ಈ ಎಣಿಕೆ. ಮೆಣಸಿಗೆ ಅದು ಗೊತ್ತಿತ್ತು.

ಮೇಸ್ತ್ರಿ ಕೊಟ್ಟ ಹಾಳೆಯಲ್ಲಿ ಸಾಲಾಗಿ ಚಿತ್ರಗಳಿದ್ದವು. ಕಾರು. ಬಸ್ಸು. ಲಾರಿ. ಸ್ಕೂಟರು. ಸೈಕಲ್ಲು. ಕೈಗಾಡಿ. ಪ್ರತಿ ಚಿತ್ರದ ಕೆಳಗೆ ಗೀಟು ಹಾಕಲು ಉದ್ದದ ಮನೆ. ಮೆಣಸಿ ಹಾಳೆ ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಮನುಷ್ಯರ ಕಾಲಂ ಎಲ್ಲಿ ಮೇಸ್ತ್ರಿ?"

"ಮನುಷ್ಯರು ಯಾಕೆ?"

"ಕಿಂಡಿ ಮುಂದೆ ಕೂರಿಸ್ತಿದೀರ. ಇಲ್ಲಿ ದಾಟೋರು ಮನುಷ್ಯರು ತಾನೇ?"

ಮೇಸ್ತ್ರಿ ಫೋನು ಮಾಡಿ ಮೇಲಿನವರನ್ನು ಕೇಳಿದ. ಮೇಲಿನವನು ಅವನ ಮೇಲಿನವನನ್ನು ಕೇಳಿದ. ಉತ್ತರ ಇಳಿದು ಬಂತು.

"ನಡ್ಕೊಂಡು ಹೋಗೋರು ವಾಹನ ಸಂಚಾರಕ್ಕೆ ಬರಲ್ವಂತೆ. ಅವರು ಅಡಚಣೆ ಅಂತೆ. ಅಡಚಣೇನ ಎಣಿಸಲ್ವಂತೆ."

ಆರು ಗಂಟೆಗೆ ಮೆಣಸಿ ಕಲ್ಲಿನ ಮೇಲೆ ಕೂತಳು. ತಲೆಗೆ ಸೆರಗು, ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ. ಕಾರು, ಕಾರು, ಲಾರಿ, ಕಾರು. ಗೀಟು ಎಳೆದೂ ಎಳೆದೂ ಹೆಬ್ಬೆರಳು ಮರಗಟ್ಟಿತು. ಗೀಟು ಎಳೆಯುವುದು ಗುಡಿಸುವುದಕ್ಕಿಂತ ಕಷ್ಟ. ಗುಡಿಸುವಾಗ ಸಿಟ್ಟನ್ನು ಪೊರಕೆಗೆ ಕೊಡಬಹುದು.

ಏಳೂಕಾಲಿಗೆ ಕಿಂಡಿಯಿಂದ ಊರುಗೋಲು ಮೊದಲು ಹೊರಬಂತು, ಹಿಂದೆಯೇ ಅಕ್ಕ. ಬೇಲಿ ಹಿಡಿದು ನಿಂತಳು. ಒಂದು ಲಾರಿ ಬಿಟ್ಟಳು, ಎರಡು ಕಾರು ಬಿಟ್ಟಳು, ಕುಪ್ಪಳಿಸಿ ಮೂರನೇ ಸಾಲಿಗೆ ಹೋದಳು. ನಡುವಿನ ದಿಣ್ಣೆಯ ಮೇಲೆ ನಿಂತು ಉಸಿರು ತೆಗೆದುಕೊಂಡಳು. ಅಲ್ಲಿಂದ ಕೂಗಿದಳು.

"ಲೇ, ನನಗೊಂದು ಗೀಟು ಹಾಕ್ದೆಯೇನೇ?"

"ನಿನ್ನ ಕಾಲಂ ಇಲ್ಲ!"

"ಅರ್ಧ ಗೀಟಾದ್ರೂ ಹಾಕೇ, ಒಂದು ಕಾಲು ಇದೆಯಲ್ಲ!"

ಮೆಣಸಿ ಹಾಳೆ ನೋಡಿದಳು. ಕಾರಿನ ಚಿತ್ರದಲ್ಲಿ ಮನುಷ್ಯ ಇರಲಿಲ್ಲ. ಬಸ್ಸಿನ ಕಿಟಕಿಗಳು ಖಾಲಿ. ಸ್ಕೂಟರು ತನ್ನಷ್ಟಕ್ಕೆ ನಿಂತಿತ್ತು. ಸೈಕಲ್ಲನ್ನೂ ಹಿಡಿದವರಿಲ್ಲ. ಕೈಗಾಡಿ ಒಂದರಲ್ಲೇ, ಗಾಡಿಯ ಮುಂದೆ, ಬೆನ್ನು ಬಗ್ಗಿಸಿ ಎಳೆಯುವ ಒಬ್ಬ ಆಳಿದ್ದ. ಎಳೆಯುವವನಿಲ್ಲದೆ ಕೈಗಾಡಿ ಕದಲುವುದಿಲ್ಲ ಎಂದು ಚಿತ್ರ ಬರೆದವನಿಗೂ ಗೊತ್ತಿತ್ತೋ ಏನೋ. ಇಡೀ ಹಾಳೆಗೆ ಅವನೊಬ್ಬನೇ ಮನುಷ್ಯ.

ಮೆಣಸಿ ಅವನ ಕೆಳಗೆ ಒಂದು ಗೀಟು ಎಳೆದಳು. ಪೂರ್ತಿ ಗೀಟು.

ಆಮೇಲೆ ಸಾಲು ಶುರುವಾಯಿತು. ಮನೆಗೆಲಸದವರು, ಗಾರೆ ಕೆಲಸದವರು, ಚೀಲ ಹೊತ್ತ ಮಕ್ಕಳು, ಹೊಟ್ಟೆ ಹೊತ್ತ ಬಸುರಿ. ಬಂದವರಿಗೆಲ್ಲ ಗೀಟು. ಬಸುರಿಗೆ ಒಂದೇ ಹಾಕಿದಳು, ಮೋಸ ಬೇಡ ಎಂದು. ಸಂಜೆ ಆರಕ್ಕೆ ಕೂಡಿದಾಗ ಎರಡು ಸಾವಿರದ ಮುನ್ನೂರ ಹದಿನಾರು. ಮೇಸ್ತ್ರಿ ಹಾಳೆಗಳನ್ನು ನೋಡದೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದ.

ಇನ್ನು ಈ ದೊಡ್ಡವರ ಬುದ್ಧಿ ಕೇಳಿ.

ಅವರ ಲೆಕ್ಕದಲ್ಲಿ ಎಲ್ಲ ಗಾಡಿಗಳನ್ನೂ ಕಾರಿಗೆ ಹೋಲಿಸಿ ತೂಗಬೇಕು. ಕಾರು ಅಂದರೆ ಒಂದು. ಸೈಕಲ್ಲು ಅಂದರೆ ಅರ್ಧ. ಕೈಗಾಡಿ ನಿಧಾನ, ಹಿಂದಿನವರನ್ನೆಲ್ಲ ತಡೆಯುತ್ತದೆ, ಆದ್ದರಿಂದ ಅದು ಮೂರು ಕಾರಿಗೆ ಸಮ. ಹಾಗಾಗಿ ಮೆಣಸಿಯ ಅಕ್ಕ, ಒಂದು ಕಾಲು ಒಂದು ಊರುಗೋಲಿನ ಹೆಂಗಸು, ಮೂರು ಕಾರಾದಳು. ಗಾರೆ ಕೆಲಸದವನು ಮೂರು ಕಾರಾದ. ಅದುವರೆಗೆ ಅಡಚಣೆಯಾಗಿದ್ದವರೆಲ್ಲ ಒಂದೇ ದಿನದಲ್ಲಿ ಏಳು ಸಾವಿರ ಕಾರುಗಳಾಗಿ ಗಂಟಿನ ನಡುವೆ ಬಂದು ನಿಂತರು.

ಕಂಪ್ಯೂಟರು ಬೆಚ್ಚಿತು. ಇಷ್ಟು ಸಂಚಾರ ಇರುವ ಜಾಗಕ್ಕೆ ಗೋಡೆ ಕಟ್ಟಲಾಗದು, ಕೆಳದಾರಿ ಬೇಕೇ ಬೇಕು ಎಂದಿತು. ಕೆಳದಾರಿ ಅಂದರೆ ರಸ್ತೆಯ ಅಡಿಯಲ್ಲಿ, ಇಳಿಜಾರಾಗಿ, ದೀಪ ಹಾಕಿದ ದಾರಿ. ವಿನ್ಯಾಸ ಮಾಡುವವರು ಅದನ್ನು ಬರೆದರು. ಗುತ್ತಿಗೆದಾರ ರುಜು ಹಾಕಿದ. ಸಲಹೆಗಾರ ರುಜು ಹಾಕಿದ. ಪರಿಶೀಲಕ, ಉಪಮುಖ್ಯ ಎಂಜಿನಿಯರು, ಮುಖ್ಯ ಎಂಜಿನಿಯರು, ಹೀಗೆ ಎಂಟು ರುಜು ಬಿದ್ದವು. ಆ ಎಂಟೂ ಜನ ಕೂರುವ ಆರನೇ ಮಹಡಿಯ ಕಿಟಕಿಗೆ ಗಂಟು ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. ಪರದೆ ಸರಿಸಿದ್ದರೆ ಸಾಕಿತ್ತು. ಬಿಸಿಲು ಬೀಳುತ್ತದೆಂದು ಯಾರೂ ಸರಿಸಿರಲಿಲ್ಲ. ಓದಿದವರ ಕಣ್ಣು ಕಾಗದದಿಂದ ಏಳುವುದು ಊಟಕ್ಕೆ ಮಾತ್ರ.

ಐದು ತಿಂಗಳ ಮೇಲೆ ದೊಡ್ಡ ಸಭಾಂಗಣದಲ್ಲಿ ಜನರ ಅಹವಾಲು ಕೇಳುವ ಸಭೆ. ಗುಡಿಸಲಿನವರಿಗೆ ಕರೆ ಇರಲಿಲ್ಲ. ಮೆಣಸಿಗೆ ಇತ್ತು, ಕುರ್ಚಿ ಒರೆಸಲು. ಗೋಡೆಯ ಮೇಲೆ ಹೊಸ ಗಂಟಿನ ಚಿತ್ರ ಚಲಿಸಿತು. ಅದರಲ್ಲಿ ಆಕಾಶ ನೀಲಿ, ರಸ್ತೆಯಲ್ಲಿ ಒಂದು ಕಸ ಇಲ್ಲ. ಕೆಳದಾರಿ ಬಂತು. ಅದರೊಳಗೆ ಸಾಲುಸಾಲಾಗಿ ಕೈಗಾಡಿಗಳು ಹೋದವು. ಮುಗಿಯಲೇ ಇಲ್ಲ. ಜಾತ್ರೆಗೆ ಹೊರಟ ಇರುವೆಗಳ ಹಾಗೆ ಹೋಗುತ್ತಲೇ ಇದ್ದವು.

ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ವರ್ತಕ ಎದ್ದು ನಿಂತ. "ಸ್ವಾಮಿ, ಈ ಊರಲ್ಲಿ ಒಟ್ಟು ಎಷ್ಟು ಕೈಗಾಡಿ ಇರಬಹುದು? ನಾನು ನೋಡಿದ್ದು ಒಂಬತ್ತು. ಅದರಲ್ಲಿ ಎರಡು ನಂದೇ."

ಸಭೆ ಬಿದ್ದು ಬಿದ್ದು ನಕ್ಕಿತು. ಮುಖ್ಯ ಎಂಜಿನಿಯರ ಮುಖ ಇಂಗು ತಿಂದ ಹಾಗಾಯಿತು.

ಮೆಣಸಿ ನಗಲಿಲ್ಲ. ಕುರ್ಚಿ ಒರೆಸುವ ಬಟ್ಟೆ ಅವಳ ಕೈಯಲ್ಲೇ ಉಳಿಯಿತು. ಆ ಇಳಿಜಾರು, ಆ ದೀಪ, ಒಂದೂ ಮೆಟ್ಟಿಲಿಲ್ಲದ ದಾರಿ. ಅಕ್ಕ ಊರುಗೋಲು ಹಿಡಿದು ಅದರಲ್ಲಿ ಹೋಗುವುದನ್ನು ಅವಳು ಆಗಲೇ ನೋಡಿಬಿಟ್ಟಿದ್ದಳು.

ಮರುದಿನ ಆರನೇ ಮಹಡಿಗೆ ಕರೆ ಬಂತು. ಚಪ್ಪಲಿ ಹೊರಗೆ ಬಿಡು ಎಂದರು. ಒಳಗೆ ಎಲ್ಲರೂ ಬೂಟಿನಲ್ಲೇ ಇದ್ದರು. ನಿಂತೇ ಇರು ಎಂದು ಯಾರೂ ಹೇಳಲಿಲ್ಲ, ಕೂರು ಎಂದೂ ಹೇಳಲಿಲ್ಲ. ತಣ್ಣಗಿನ ನೆಲ ಅಂಗಾಲಿಗೆ ಕೊರೆಯುತ್ತಿತ್ತು. ಮುಖ್ಯ ಎಂಜಿನಿಯರು ಮೇಜಿನ ಮೇಲೆ ಒಂದು ಕಾಗದ ತಳ್ಳಿದರು.

"ರುಜು ಹಾಕಮ್ಮ."

ಮೆಣಸಿ ಓದಿದಳು. ಓದುತ್ತಾಳೆಂದು ಅವರು ಅಂದುಕೊಂಡಿರಲಿಲ್ಲ. 'ನಾನು ಅಜಾಗರೂಕತೆಯಿಂದ, ಮನಸ್ಸಿಗೆ ಬಂದಂತೆ ಗೀಟು ಹಾಕಿರುತ್ತೇನೆ. ಸದರಿ ಸಂಖ್ಯೆ ಸುಳ್ಳು.'

"ಸುಳ್ಳಲ್ಲ ಸಾರ್. ಎರಡು ಸಾವಿರದ ಮುನ್ನೂರ ಹದಿನಾರು. ಎರಡು ಸಲ ಕೂಡಿದೀನಿ."

"ಅವು ಕೈಗಾಡಿಗಳಾ?"

"ಅಲ್ಲ. ಮನುಷ್ಯರು."

"ಮನುಷ್ಯರನ್ನ ಕೈಗಾಡಿ ಅಂತ ಯಾಕೆ ಬರ್ದೆ?"

"ನಿಮ್ಮ ಹಾಳೇಲಿ ಮನುಷ್ಯ ಇದ್ದಿದ್ದು ಅಲ್ಲೊಂದೇ ಕಡೆ."

ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ ನೆಲ ನೋಡಿದ.

"ನೋಡಮ್ಮ," ಮುಖ್ಯರು ದನಿ ಇಳಿಸಿದರು, "ಇದರಿಂದ ನಮಗೆಲ್ಲ ಅವಮಾನ ಆಗಿದೆ. ನೀನು ತಪ್ಪಾಯ್ತು ಅಂದ್ರೆ ಸಂಖ್ಯೆ ತೆಗೆದುಹಾಕ್ತೀವಿ, ಗೋಡೆ ಇರೋ ಹಳೇ ನಕ್ಷೆ ಹಾಕ್ತೀವಿ. ನಿನ್ನ ಕೆಲಸಕ್ಕೇನೂ ಆಗಲ್ಲ."

ಮೆಣಸಿಗೆ ಆಗ ಅರ್ಥವಾಯಿತು. ಎಂಟು ರುಜುಗಳು ತನ್ನ ಗೀಟುಗಳ ಮೇಲೆ ಕೂತಿದ್ದವು. ನೋಡದೆ ರುಜು ಹಾಕಿದೆವು ಎಂದು ಆ ಎಂಟು ಜನ ಹೇಳುವಂತಿರಲಿಲ್ಲ. ಗುಡಿಸುವವಳು ಕೆಡಿಸಿದಳು ಎಂದರೆ ಎಂಟೂ ಜನ ಸ್ವಚ್ಛ. ಹದಿನಾಲ್ಕು ವರ್ಷ ಅವರ ರಸ್ತೆ ಗುಡಿಸಿದ್ದಳು. ಈಗ ಇದನ್ನೂ ಗುಡಿಸಬೇಕಂತೆ.

"ಹಾಕ್ತೀನಿ ಸಾರ್. ಇದರ ಕೆಳಗೆ ಇನ್ನೊಂದು ಸಾಲು ಬರೀರಿ."

"ಏನು?"

"'ಹಾಳೆಯಲ್ಲಿ ಮನುಷ್ಯರಿಗೆ ಜಾಗ ಇರಲಿಲ್ಲ. ದಾಟಿದವರು ಎರಡು ಸಾವಿರದ ಮುನ್ನೂರ ಹದಿನಾರು ಜನ.' ಇಷ್ಟೇ."

ಬರೆದರೆ ಜನ ಕಾಗದಕ್ಕೆ ಬಂದ ಹಾಗೆ. ಕಾಗದಕ್ಕೆ ಬಂದವರ ಮುಂದೆ ಗೋಡೆ ಕಟ್ಟುವುದು ಕಷ್ಟ. ಮುಖ್ಯ ಎಂಜಿನಿಯರು ಕನ್ನಡಕ ತೆಗೆದು ಒರೆಸಿದರು.

"ಅದೆಲ್ಲ ಬರೆಯೋಕಾಗಲ್ಲ."

"ಹಾಗಾದ್ರೆ ರುಜೂನೂ ಹಾಕೋಕಾಗಲ್ಲ."

"ನಿನಗೆ ಕೆಲಸ ಬೇಡ್ವಾ?"

"ಬೇಕು. ಈ ರುಜು ಹಾಕ್ಕೊಂಡು ಬೇಡ. ನನ್ನ ಒಡಹುಟ್ಟಿದೋಳ್ನ ಸುಳ್ಳು ಅಂತ ಬರ್ಕೊಟ್ಟು ಆಮೇಲೆ ನಿಮ್ಮ ದಾರಿ ಗುಡಿಸ್ಬೇಕಾ? ಥೂ!"

ಉಗುಳಲಿಲ್ಲ. ಬರಿಯ ಥೂ ಎಂದಳು. ಆದರೂ ಮೇಜಿನ ಆಚೆ ಇದ್ದವರೆಲ್ಲ ಹಿಂದಕ್ಕೆ ಸರಿದರು.

ಕೆಲಸ ಹೋಯಿತು. ಆ ಸಂಜೆಯೇ ಮೇಸ್ತ್ರಿ ಬಂದು ಪೊರಕೆ, ಸರಳು, ಕಿತ್ತಳೆ ಬಣ್ಣದ ಅಂಗಿ ಎಣಿಸಿ ತೆಗೆದುಕೊಂಡ. ಅವುಗಳಿಗೆ ಕಾಲಂ ಇತ್ತು.

ರುಜು ಸಿಗಲಿಲ್ಲವಾದ್ದರಿಂದ ದೊಡ್ಡವರು ಬೇರೆ ದಾರಿ ಹಿಡಿದರು. ಸ್ಥಳ ಪರಿಶೀಲನೆ. ಕಿಂಡಿಯ ಮುಂದೆ ನಿಂತು, ಇಲ್ಲಿ ಕೈಗಾಡಿಯೂ ಇಲ್ಲ ಎಂಥದ್ದೂ ಇಲ್ಲ ಎಂದು ಪತ್ರಿಕೆಯವರ ಮುಂದೆ ತೋರಿಸುವುದು. ಬುಧವಾರ ಬೆಳಗ್ಗೆ ಎಂಟೂವರೆಗೆ ಎಂಟು ಜನ ಎಂಟು ಬಿಳಿ ಟೊಪ್ಪಿ ಹಾಕಿಕೊಂಡು ನಾಲ್ಕು ಕಾರಿನಲ್ಲಿ, ಹಿಂದೆ ಪೊಲೀಸರನ್ನೂ ಪತ್ರಿಕೆಯವರನ್ನೂ ಕಟ್ಟಿಕೊಂಡು ಬಂದರು. ಇಳಿದರು. ರಸ್ತೆಯ ನಡುವಿನ ದಿಣ್ಣೆಗೆ ಹೋಗಬೇಕಿತ್ತು, ಫೋಟೋಗೆ. ಮೂರು ಸಾಲು ದಾಟಬೇಕು. ಮುಖ್ಯ ಎಂಜಿನಿಯರು ಒಂದು ಹೆಜ್ಜೆ ಇಟ್ಟರು, ಎರಡು ಹೆಜ್ಜೆ ಹಿಂದೆ ಬಂದರು. ಮತ್ತೆ ಇಟ್ಟರು. ಲಾರಿಯೊಂದು ಕೂಗಿಕೊಂಡು ಹೋಯಿತು. ಟೊಪ್ಪಿ ಹಾರಿ ಬೇಲಿಗೆ ಬಿತ್ತು. ಇಪ್ಪತ್ತು ವರ್ಷದಿಂದ ಗಂಟಿನ ನಕ್ಷೆ ಬರೆಯುತ್ತಿದ್ದವರು ಅದನ್ನು ಕಾಲಿನಿಂದ ದಾಟಲು ಹೊರಟದ್ದು ಅದೇ ಮೊದಲು.

"ಟ್ರಾಫಿಕ್ ನಿಲ್ಲಿಸ್ರೀ!" ಎಂದು ಪೊಲೀಸರಿಗೆ ಕಿರುಚಿದರು.

ಒಬ್ಬ ಪೇದೆ ರಸ್ತೆಗಿಳಿದು ಕೈ ಎತ್ತಿದ. ಅಷ್ಟೇ. ಬೇರೇನೂ ಮಾಡಲಿಲ್ಲ. ಕಾರು ನಿಂತವು. ಬಸ್ಸು ನಿಂತವು. ಲಾರಿಗಳು ಬುಸುಗುಟ್ಟಿಕೊಂಡು ನಿಂತವು. ಆರೂ ಸಾಲು ನಿಂತವು.

ಕಿಂಡಿಯಲ್ಲಿ ಕೆಲಸಕ್ಕೆ ಹೊರಟಿದ್ದ ಜನ ತೂರಿಕೊಂಡು ಬರುತ್ತಿದ್ದರು. ಅವರ ಮುಂದೆ, ಆ ದಿನ ತಡವಾದ ಪಾಳಿಯಿದ್ದ ಅಕ್ಕ. ಅಕ್ಕನ ತೋಳು ಹಿಡಿದು ಮೆಣಸಿ. ಅಕ್ಕ ನಿಂತ ವಾಹನಗಳನ್ನು ನೋಡಿದಳು. ಪೇದೆಯ ಕೈಯನ್ನು ನೋಡಿದಳು.

"ನಿಲ್ತವಲ್ಲೇ," ಎಂದಳು. "ಇವು ನಿಲ್ತವೆ ಕಣೇ! ಕೈ ಎತ್ತಿದ್ರೆ ಸಾಕು, ನಿಲ್ತವೆ! ನನ್ನ ಕಾಲು ಸುಮ್ಮನೆ ಹೋಯ್ತಲ್ಲೇ."

ಕುಪ್ಪಳಿಸಿ ರಸ್ತೆಯ ನಡುವಿಗೆ ಹೋದಳು. ಊರುಗೋಲು ಕೆಳಗಿಟ್ಟಳು. ಕೂತಳು. ಮೆಣಸಿ ಪಕ್ಕದಲ್ಲಿ ಕೂತಳು. ಗಾರೆ ಕೆಲಸದವನು ಬಾಂಡಲಿ ಕವುಚಿ ಹಾಕಿ ಅದರ ಮೇಲೆ ಕೂತ. ಯಾರೂ ಯಾರಿಗೂ ಹೇಳಲಿಲ್ಲ. ಎಲ್ಲರೂ ಕೂತರು.

"ಏಳ್ರೀ! ಕೇಸ್ ಹಾಕಿಸ್ತೀನಿ!" ವಾಹನ ನಿಂತ ಮೇಲೆ ದಿಣ್ಣೆ ಹತ್ತಿದ್ದ ಮುಖ್ಯ ಎಂಜಿನಿಯರು ಅಲ್ಲಿಂದ ಕೂಗಿದರು. "ಇನ್‌ಸ್ಪೆಕ್ಟರೇ, ರಸ್ತೆ ತಡೆ ಅಂತ ದೂರು ಬರ್ಕೊಳ್ಳಿ. ಇವರೆಲ್ಲರ ಮೇಲೂ!"

"ಎಷ್ಟು ಜನ ಸಾರ್?"

"ಅದೇನೋ, ಕೆಲವರು."

"ಕೆಲವರು ಅಂದ್ರೆ ಕೋರ್ಟಲ್ಲಿ ನಿಲ್ಲಲ್ಲ. ಎಣಿಸ್ಬೇಕು. ಹೆಸರು ಬೇಕು, ಹೊತ್ತು ಬೇಕು, ಜಾಗ ಬೇಕು."

"ಎಣಿಸ್ರೀ! ಒಬ್ಬರನ್ನೂ ಬಿಡ್ಬೇಡಿ!"

ಮೆಣಸಿ ತಲೆ ಎತ್ತಿದಳು. ಆಮೇಲೆ ಎದ್ದು ನಿಂತು, ಹದಿನಾಲ್ಕು ವರ್ಷ ಲಾರಿಗಳ ಸದ್ದಿನ ಮೇಲೆ ಮಾತಾಡಿ ಗಟ್ಟಿಯಾದ ಗಂಟಲಿನಲ್ಲಿ ಕೂಗಿದಳು.

"ಕೇಳಿಸ್ತೇನ್ರೋ! ಎಣಿಸ್ತಾರಂತೆ! ಒಬ್ಬರನ್ನೂ ಬಿಡಲ್ವಂತೆ! ಬನ್ನಿ, ಹೆಸರು ಬರೆಸಿ!"

ಕಿಂಡಿಯ ಹಿಂದೆ ಉಳಿದಿದ್ದವರು ಓಡಿ ಬಂದರು. ಗುಡಿಸಲಿನಿಂದ ಒದ್ದೆ ಕೈಯ ಹೆಂಗಸರು ಬಂದರು. ಆಗಲೇ ದಾಟಿ ಕೆಲಸಕ್ಕೆ ಹೋಗಿದ್ದವರು ಸುದ್ದಿ ಕೇಳಿ ಹಿಂದಕ್ಕೆ ಬಂದರು. ಆರೋಪಿಯಾಗಲು ಜನ ನೂಕಾಡಿದರು. ಪೊಲೀಸರು ಎಲ್ಲರನ್ನೂ ಸೇತುವೆಯ ನೆರಳಿಗೆ ಕರೆತಂದು, ರಸ್ತೆ ಬಿಟ್ಟು, ನಾಲ್ಕು ಜನ ಕೂತು ಬರೆದರು. ಹೆಸರು. ವಯಸ್ಸು. ಎಲ್ಲಿಂದ ಎಲ್ಲಿಗೆ. ಹೇಗೆ ಬಂದರು.

"ಕಾಲ್ನಡಿಗೆ ಅಂತ ಬರೀಲಾ?" ಬರೆಯುವವನು ಅಕ್ಕನ ಸೀರೆಯ ಖಾಲಿ ಮಗ್ಗುಲು ನೋಡಿ ತಡವರಿಸಿದ.

"ಬರಿಯಪ್ಪ. ಒಂಟಿ ಕಾಲ್ನಡಿಗೆ."

ಹತ್ತೂಕಾಲಿಗೆ ಮುಗಿಯಿತು. ಮುಖ್ಯ ಎಂಜಿನಿಯರು ಬೆವರು ಒರೆಸಿಕೊಂಡು, ವಾಡಿಕೆಯಂತೆ ಓದದೆ, ದೂರುದಾರರ ಜಾಗದಲ್ಲಿ ರುಜು ಹಾಕಿದರು. ಮೆಣಸಿ ಇನ್‌ಸ್ಪೆಕ್ಟರ ಮುಂದೆ ಕೈ ಚಾಚಿದಳು.

"ನಮಗೊಂದು ಪ್ರತಿ ಕೊಡಿ ಸಾರ್."

ಕೊಟ್ಟರು. ಅವಳು ಪತ್ರಿಕೆಯವರ ಕಡೆ ತಿರುಗಿ, ಏಳನೇ ಕ್ಲಾಸಿನ ಮಗು ಪಾಠ ಓದುವ ಹಾಗೆ ಒಂದೊಂದೇ ಪದ ಬಿಡಿಸಿ ಓದಿದಳು.

"'ಸದರಿ ಸ್ಥಳದಲ್ಲಿ, ಬೆಳಗ್ಗೆ ಎಂಟೂವರೆಯಿಂದ ಹತ್ತೂಕಾಲರವರೆಗೆ, ಕಾಲ್ನಡಿಗೆಯಲ್ಲಿ ಬಂದ ನಾನೂರ ಅರವತ್ತೆಂಟು ಜನರನ್ನು ನಾನು ಕಣ್ಣಾರೆ ಕಂಡಿರುತ್ತೇನೆ.' ಕೆಳಗೆ ಮುಖ್ಯ ಎಂಜಿನಿಯರ ರುಜು."

ಮುಖ್ಯ ಎಂಜಿನಿಯರು ಕಾಗದಕ್ಕೆ ಕೈ ಹಾಕಿದರು. ಮೆಣಸಿ ಅದನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಅಲ್ಲಿಗೆ ಕೈ ಹಾಕುವ ಧೈರ್ಯ ಎಂಟು ಜನರಲ್ಲಿ ಯಾರಿಗೂ ಇರಲಿಲ್ಲ.

"ಕೋರ್ಟಿಗೆ ಬರ್ಬೇಕಾಗುತ್ತೆ, ಗೊತ್ತಲ್ಲ?" ಅವರು ಹಲ್ಲು ಕಚ್ಚಿ ಹೇಳಿದರು. "ಕರೆದಾಗಲೆಲ್ಲ ಬರ್ಬೇಕು!"

"ಕೋರ್ಟು ಯಾವ ಮಗ್ಗುಲಿಗಿದೆ ಸಾರ್?" ಅಕ್ಕ ಕೇಳಿದಳು.

ಕೋರ್ಟು ಆಚೆ ಮಗ್ಗುಲಿಗಿತ್ತು.

"ಬರ್ತೀವಿ," ಎಂದಳು ಅಕ್ಕ, ಊರುಗೋಲು ಎತ್ತಿಕೊಳ್ಳುತ್ತ. "ನಾನೂರ ಅರವತ್ತೆಂಟು ಜನಾನೂ ಬರ್ತೀವಿ. ಕರೆದಾಗಲೆಲ್ಲ ಬರ್ತೀವಿ. ಇಲ್ಲಿಂದಲೇ ದಾಟ್ಕೊಂಡು ಬರ್ತೀವಿ."